ಮನೆ ಹಿಡಿಯುವ ಮುನ್ನ, ನಂಟು ಬೆಳೆಯುವ ಮುನ್ನ: ಹಾಸನ ಸೀಮೆಗೆ ಬರುವ ಯುವ ದಂಪತಿಗಳು ಮತ್ತು ಇಲ್ಲಿನ ಉದ್ದಿಮೆ

ರಾಜೀನಾಮೆ ಪತ್ರಗಳಲ್ಲಿ ಸಾಮಾನ್ಯವಾಗಿ ಕಾಣುವ ಮಾತು 'ಸ್ವಂತ ಕಾರಣಗಳಿಂದಾಗಿ' ಎಂಬುದು. ಅದನ್ನು ಓದಿದ ಮಾಲೀಕರು ಬೆಂಗಳೂರಿನಲ್ಲಿ ಹೆಚ್ಚಿನ ಸಂಬಳ ಸಿಕ್ಕಿರಬೇಕೆಂದು ಭಾವಿಸಿ, ಲೆಕ್ಕ ಚುಕ್ತಾ ಮಾಡಿ, ಬೇರೊಬ್ಬರನ್ನು ಹುಡುಕಲು ತೊಡಗುತ್ತಾರೆ. ಆದರೆ ಆ ಎರಡು ಪದಗಳ ಹಿಂದೆ ಸಂಬಳಕ್ಕಿಂತ ಬೇರೆಯದೇ ಸಂಗತಿ ಇರುವುದುಂಟು. ಪತಿ ಕೆಲಸಕ್ಕೆ ಹೋದ ಮೇಲೆ ಅಪರಿಚಿತ ಬಡಾವಣೆಯ ಮನೆಯಲ್ಲಿ ಸಂಜೆಯವರೆಗೆ ಒಬ್ಬರೊಡನೆಯೂ ಮಾತನಾಡದೆ ಕಾಲ ಕಳೆಯುವ ಪತ್ನಿ, ರಾತ್ರಿ ಪಾಳಿ ಮುಗಿಸಿ ಬೀದಿದೀಪವಿಲ್ಲದ ರಸ್ತೆಯಲ್ಲಿ ಬರಬೇಕಾದ ಹೆಣ್ಣುಮಗಳು, ಜ್ವರ ಬಂದ ದಿನ ಬಾಗಿಲು ತಟ್ಟಲು ಒಂದು ಮನೆಯೂ ಇಲ್ಲದ ಸ್ಥಿತಿ: ಇವೆಲ್ಲವೂ ಆ 'ಸ್ವಂತ ಕಾರಣ'ದೊಳಗೆ ಅಡಗಿರುತ್ತವೆ.

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಇಂದಿನ ಯುವಜನರ ಮಟ್ಟಿಗೆ ಊರು ಬಿಟ್ಟು ನೋಡು ಎಂಬ ಮೂರನೆಯ ಮಾತನ್ನೂ ಅದಕ್ಕೆ ಸೇರಿಸಬಹುದು. ಮದುವೆಯಾದ ಮೊದಲ ವರ್ಷದಲ್ಲಿಯೇ ಊರನ್ನೂ ಬದಲಿಸುವ ದಂಪತಿಗಳಿಗೆ ಎರಡು ಹೊಸ ಬದುಕುಗಳು ಏಕಕಾಲಕ್ಕೆ ಎದುರಾಗುತ್ತವೆ. ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣದ ವರ್ತಕರು ಹಾಗೂ ಸಣ್ಣ ಕೈಗಾರಿಕೋದ್ಯಮಿಗಳು ಈ ವಿಷಯವನ್ನು ಮನೆವಾರ್ತೆಯೆಂದು ಬದಿಗೆ ಸರಿಸದೆ ವ್ಯವಹಾರದ ವಿಷಯವಾಗಿಯೇ ಪರಿಶೀಲಿಸುವುದು ಅಗತ್ಯವಾಗಿದೆ.

ಜನ ಬರುವುದು ಏಕೆ ಮುಖ್ಯ?

ಜನಗಣತಿಯ ಅಂಕಿಅಂಶಗಳು ಈ ಅಗತ್ಯವನ್ನು ಸ್ಪಷ್ಟಪಡಿಸುತ್ತವೆ. 2001ರಲ್ಲಿ ಹಾಸನ ಜಿಲ್ಲೆಯ ಜನಸಂಖ್ಯೆ 17,21,669 ಆಗಿತ್ತು. 2011ರಲ್ಲಿ ಅದು 17,76,421ಕ್ಕೆ ಏರಿತು. ಹತ್ತು ವರ್ಷಗಳಲ್ಲಿ ಹೆಚ್ಚಳ ಶೇ. 3ಕ್ಕಿಂತ ಸ್ವಲ್ಪವೇ ಹೆಚ್ಚು. ಅದೇ ಅವಧಿಯಲ್ಲಿ ರಾಜ್ಯದ ಜನಸಂಖ್ಯೆ ಶೇ. 15ಕ್ಕೂ ಹೆಚ್ಚು ಬೆಳೆದಿತ್ತು. ಈ ಅಂತರಕ್ಕೆ ಜನನ ಪ್ರಮಾಣದ ಇಳಿಕೆಯೊಂದಿಗೆ ದುಡಿಯುವ ವಯಸ್ಸಿನವರು ಜಿಲ್ಲೆಯಿಂದ ಹೊರಹೋಗುತ್ತಿರುವುದೂ ಕಾರಣವೆಂಬುದನ್ನು ಬೆಂಗಳೂರಿಗೆ ಹೊರಟ ಭಾನುವಾರ ಸಂಜೆಯ ಬಸ್ಸುಗಳನ್ನು ಕಂಡವರು ಬಲ್ಲರು.

ಇನ್ನೊಂದೆಡೆ ಜಿಲ್ಲೆಗೆ ಹೊರಗಿನಿಂದ ಜನರನ್ನು ಕರೆತರುವ ಸಂಸ್ಥೆಗಳೂ ಕಾಲಕಾಲಕ್ಕೆ ಬಂದಿವೆ. 1960ರಲ್ಲಿ ಮಲೆನಾಡು ತಾಂತ್ರಿಕ ಮಹಾವಿದ್ಯಾಲಯ, 1982ರಲ್ಲಿ ಬಾಹ್ಯಾಕಾಶ ಇಲಾಖೆಯ ಉಪಗ್ರಹ ನಿಯಂತ್ರಣ ಕೇಂದ್ರ, 2006ರಲ್ಲಿ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಆರಂಭವಾದವು. 2000ರ ದಶಕದ ಉತ್ತರಾರ್ಧದಲ್ಲಿ ಜವಳಿ ವಿಶೇಷ ಆರ್ಥಿಕ ವಲಯ ರೂಪುಗೊಂಡಿತು. ದೊಡ್ಡ ಸಂಸ್ಥೆಗಳು ತಮ್ಮ ನೌಕರರಿಗೆ ವಸತಿಗೃಹ, ವಾಹನ, ಕ್ಲಬ್ಬುಗಳನ್ನು ಒದಗಿಸಬಲ್ಲವು. ಹತ್ತು ಅಥವಾ ಇಪ್ಪತ್ತು ಜನರ ಸಣ್ಣ ಘಟಕಕ್ಕೆ ಅದು ಸಾಧ್ಯವಿಲ್ಲ. ಅದಕ್ಕೆ ಸಾಧ್ಯವಿರುವುದು ಊರಿನ ಪರಿಚಯವನ್ನು ಮಾಡಿಕೊಡುವುದು ಮಾತ್ರ. ಆ ಪರಿಚಯಕ್ಕೂ ಬೆಲೆಯುಂಟು.

ಒಂದು ಸರಳ ಲೆಕ್ಕವನ್ನು ನೋಡಬಹುದು. ತಿಂಗಳಿಗೆ 22,000 ರೂ. ಸಂಬಳದ ಮೇಲ್ವಿಚಾರಕರೊಬ್ಬರು ಕೆಲಸ ಕಲಿಯುವ ಮೊದಲ ಮೂರು ತಿಂಗಳು ಅರ್ಧದಷ್ಟು ಮಾತ್ರ ಉಪಯೋಗಕ್ಕೆ ಬರುತ್ತಾರೆಂದಿಟ್ಟುಕೊಂಡರೆ, ಮಾಲೀಕರು ಅವರ ಮೇಲೆ ಹೂಡಿದ ಬಂಡವಾಳ 33,000 ರೂ. ಹತ್ತು ತಿಂಗಳಲ್ಲಿ ಅವರು ಹೊರಟರೆ ಆ ಮೊತ್ತದೊಂದಿಗೆ ಹೊಸಬರಿಗಾಗಿ ಮತ್ತಷ್ಟೇ ಮೊತ್ತ ಸೇರುತ್ತದೆ. ಅವರು ಬಂದ ಮೊದಲ ವಾರ ಸಂಬಳ ಸಹಿತ ಎರಡು ದಿನ ಬಿಡುವು ಕೊಟ್ಟು, ಊರು ಬಲ್ಲ ಹಿರಿಯ ನೌಕರರೊಬ್ಬರನ್ನು ಮನೆ ಹುಡುಕಲು ಜೊತೆಗೆ ಕಳುಹಿಸಿದರೆ ತಗಲುವ ವೆಚ್ಚ ಇದರ ಹತ್ತನೆಯ ಒಂದು ಭಾಗವೂ ಆಗದು.

ಬಾಡಿಗೆಯೊಂದನ್ನೇ ನೋಡಿದರೆ

ಹೊಸ ದಂಪತಿಗಳು ಮಾಡುವ ಮೊದಲ ತಪ್ಪು ಬಾಡಿಗೆಯ ಮೊತ್ತವೊಂದನ್ನೇ ನೋಡಿ ಮನೆ ಆರಿಸುವುದು. ಉದಾಹರಣೆಗೆ, ಗದಗಿನ ಕಡೆಯಿಂದ ಬಂದ ಒಂದು ಜೋಡಿಯನ್ನು ಊಹಿಸಿಕೊಳ್ಳೋಣ. ಪತಿಗೆ ಹಾಸನದ ಕೈಗಾರಿಕಾ ಪ್ರದೇಶದ ಸಣ್ಣ ಘಟಕವೊಂದರಲ್ಲಿ ಫಿಟ್ಟರ್ ಕೆಲಸ. ಪತ್ನಿಗೆ ನಗರದ ಆಸ್ಪತ್ರೆಯಲ್ಲಿ ಶುಶ್ರೂಷಕಿಯ ಕೆಲಸ. ಆಕೆಯ ಮಧ್ಯಾಹ್ನದ ಪಾಳಿ ಮುಗಿಯುವುದು ರಾತ್ರಿ 8 ಗಂಟೆಗೆ. ನಗರದೊಳಗಿನ ಮನೆಗೆ 8,500 ರೂ. ಬಾಡಿಗೆ ಹೇಳಿದರೆ, ಹೊರವಲಯದ ಹೊಸ ಬಡಾವಣೆಯಲ್ಲಿ ಅಂತಹುದೇ ಮನೆ 6,000 ರೂ.ಗೆ ದೊರೆಯುತ್ತದೆ ಎಂದಿಟ್ಟುಕೊಳ್ಳಿ. ತಿಂಗಳಿಗೆ 2,500 ರೂ. ಉಳಿತಾಯವೆಂದು ಅವರು ಸಂತೋಷಪಡುತ್ತಾರೆ.

ಆದರೆ ರಾತ್ರಿ ಆ ಬಡಾವಣೆಗೆ ಬಸ್ಸಿಲ್ಲ. ಒಂದು ಬಾರಿಗೆ 120 ರೂ.ನಂತೆ ತಿಂಗಳಲ್ಲಿ 26 ದಿನ ಆಟೋ ಹಿಡಿದರೆ 3,120 ರೂ. ಆಗುತ್ತದೆ. ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ತರಿಸಬೇಕಾದರೆ ಅದು ಬೇರೆ. ಹತ್ತು ನಿವೇಶನಗಳಲ್ಲಿ ಏಳು ಖಾಲಿ ಬಿದ್ದಿದ್ದು ಮೂರರಲ್ಲಿ ಮಾತ್ರ ಮನೆಗಳಿದ್ದರೆ, ಅಲ್ಲಿ ನೆರೆಹೊರೆ ಎಂಬುದೇ ಇನ್ನೂ ಹುಟ್ಟಿರುವುದಿಲ್ಲ. ಉಳಿತಾಯವೆಂದು ಕಂಡದ್ದು ಮೊದಲ ತಿಂಗಳಲ್ಲಿಯೇ 620 ರೂ. ನಷ್ಟವಾಗಿ, ಅದರ ಮೇಲೆ ಭಯವೂ ಒಂಟಿತನವೂ ಬಡ್ಡಿಯಂತೆ ಸೇರುತ್ತವೆ.

ಆದ್ದರಿಂದ ಮನೆಯನ್ನು ಆರಿಸುವಾಗ ಇಬ್ಬರಲ್ಲಿ ತಡವಾಗಿ ಮನೆಗೆ ಬರುವವರು ಯಾರು, ಸ್ವಂತ ವಾಹನ ಇಲ್ಲದವರು ಯಾರು, ಹಗಲಿಡೀ ಮನೆಯಲ್ಲಿರುವವರು ಯಾರು ಎಂಬ ಮೂರು ಪ್ರಶ್ನೆಗಳನ್ನು ಮೊದಲು ಕೇಳಿಕೊಳ್ಳಬೇಕು. ಮನೆ ಆ ವ್ಯಕ್ತಿಗೆ ಅನುಕೂಲವಾಗಿರಬೇಕು. ಬೆಳಿಗ್ಗೆ ಬೈಕಿನಲ್ಲಿ ಹೊರಟು ಸಂಜೆ ಬರುವವರು ನಾಲ್ಕು ಕಿ.ಮೀ. ಹೆಚ್ಚು ದೂರವನ್ನು ಸಹಿಸಬಲ್ಲರು. ಮನೆಯಲ್ಲಿರುವವರು ನಾಲ್ಕು ಖಾಲಿ ನಿವೇಶನಗಳ ಅಂತರವನ್ನು ಸಹಿಸುವುದು ಕಷ್ಟ.

ಹಾಸನ: ರಸ್ತೆಯೇ ದಿಕ್ಸೂಚಿ

ಸಮುದ್ರಮಟ್ಟದಿಂದ 900 ಮೀಟರ್‌ಗೂ ಹೆಚ್ಚು ಎತ್ತರದಲ್ಲಿರುವ ಹಾಸನದ ಹವೆ ಹೊಸಬರಿಗೆ ಹಿತಕರವಾದುದು. ನಗರವು ರಸ್ತೆಗಳ ಉದ್ದಕ್ಕೂ ಬೆಳೆದಿರುವುದರಿಂದ ಕೆಲಸದ ಸ್ಥಳ ಯಾವ ರಸ್ತೆಯಲ್ಲಿದೆಯೋ ಆ ರಸ್ತೆಯನ್ನು ನೋಡಿಕೊಂಡು ಬಡಾವಣೆಯನ್ನು ಆರಿಸುವುದು ಲೇಸು. ಸಾಲಗಾಮೆ ರಸ್ತೆ ಮತ್ತು ವಿದ್ಯಾನಗರದ ಕಡೆ ಕಾಲೇಜುಗಳೂ ಉಪಗ್ರಹ ನಿಯಂತ್ರಣ ಕೇಂದ್ರವೂ ಇವೆ. ಅಧ್ಯಾಪಕರು, ನಿವೃತ್ತರು, ವಿದ್ಯಾರ್ಥಿಗಳು ಹೆಚ್ಚಾಗಿರುವ ಆ ಭಾಗದಲ್ಲಿ ಹೊರಗಿನಿಂದ ಬಂದವರನ್ನು ಕಂಡು ಬೆರಗಾಗುವವರಿಲ್ಲ. ಕುವೆಂಪುನಗರ, ಹೇಮಾವತಿನಗರಗಳು ಸಂಸಾರಸ್ಥರ ಬಡಾವಣೆಗಳು. ಕೃಷ್ಣರಾಜಪುರ, ಗಾಂಧಿ ಬಜಾರ್, ಕಸ್ತೂರಬಾ ರಸ್ತೆ, ಸಂತೆಪೇಟೆಗಳ ಸುತ್ತಮುತ್ತ ಹಳೆಯ ನಗರದ ಇಕ್ಕಟ್ಟಿದ್ದರೂ ಅಂಗಡಿ, ಆಸ್ಪತ್ರೆ, ದೇವಾಲಯಗಳೆಲ್ಲ ಕಾಲ್ನಡಿಗೆಯ ದೂರದಲ್ಲಿವೆ.

ಗೊರೂರು ಮತ್ತು ಹೊಳೆನರಸೀಪುರದ ಕಡೆಗೆ ಹರಡಿರುವ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವವರು ನಗರದ ಆ ಬದಿಯಲ್ಲಿಯೇ ಮನೆ ಹಿಡಿದರೆ ಪೇಟೆಯ ದಟ್ಟಣೆಯನ್ನು ಎರಡು ಹೊತ್ತು ದಾಟುವ ಕಷ್ಟ ತಪ್ಪುತ್ತದೆ. ಬಿ.ಎಂ. ರಸ್ತೆಯ ಘಟಕಗಳಲ್ಲಿರುವವರಿಗೆ ರೈಲು ನಿಲ್ದಾಣದ ಕಡೆಯ ಬಡಾವಣೆಗಳು ಹತ್ತಿರ. ದಂಪತಿಗಳಿಬ್ಬರೂ ನಗರದ ಎರಡು ವಿರುದ್ಧ ದಿಕ್ಕುಗಳಲ್ಲಿ ಕೆಲಸ ಮಾಡುವವರಾದರೆ, ಮಧ್ಯದ ಹಳೆಯ ನಗರದಲ್ಲಿ ಚಿಕ್ಕ ಮನೆ ಹಿಡಿಯುವುದು ಹೊರವಲಯದ ದೊಡ್ಡ ಮನೆಗಿಂತ ಮೇಲು.

ಮನೆಯನ್ನು ಭಾನುವಾರ ಬೆಳಿಗ್ಗೆ ಮಾತ್ರ ನೋಡಿ ಒಪ್ಪಿಕೊಳ್ಳಬಾರದು. ವಾರದ ದಿನವೊಂದರ ರಾತ್ರಿ ಎಂಟೂವರೆಗೆ ಮತ್ತೊಮ್ಮೆ ಹೋಗಿ ನೋಡಬೇಕು. ದೀಪಗಳು ಉರಿಯುತ್ತಿವೆಯೇ, ಕಿರಾಣಿ ಅಂಗಡಿ ತೆರೆದಿದೆಯೇ, ಹೆಂಗಸರು ಮಕ್ಕಳು ಬೀದಿಯಲ್ಲಿ ಕಾಣುತ್ತಾರೆಯೇ ಎಂಬುದರಿಂದ ಬಡಾವಣೆಯ ಸ್ವಭಾವ ತಿಳಿಯುತ್ತದೆ. ನಲ್ಲಿಯಲ್ಲಿ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆಂಬುದನ್ನು ಮನೆಯ ಮಾಲೀಕರಿಗಿಂತ ಎದುರು ಮನೆಯವರನ್ನು ಕೇಳುವುದು ಉತ್ತಮ.

ಹೊಳೆನರಸೀಪುರ: ಹೊಳೆಯ ದಂಡೆ, ರೈಲಿನ ಹಾದಿ

ಹೇಮಾವತಿಯ ದಂಡೆಯ ಮೇಲಿರುವ ಹೊಳೆನರಸೀಪುರವು ಹಾಸನ–ಮೈಸೂರು ರೈಲು ಮಾರ್ಗದಲ್ಲಿದೆ. ದಂಪತಿಗಳಲ್ಲಿ ಒಬ್ಬರಿಗೆ ಇಲ್ಲಿ ಕೆಲಸವಿದ್ದು ಇನ್ನೊಬ್ಬರಿಗೆ ಹಾಸನದಲ್ಲಿ ಕೆಲಸವಿದ್ದರೆ ಬಸ್ಸು ಮತ್ತು ರೈಲು ಎರಡೂ ಒದಗುವುದು ಈ ಊರಿನ ಅನುಕೂಲ. ಲಕ್ಷ್ಮೀನರಸಿಂಹಸ್ವಾಮಿ ದೇವಾಲಯದ ಸುತ್ತಲಿನ ಹಳೆಯ ಬೀದಿಗಳಲ್ಲಿ ಮನೆಗಳು ಒಂದಕ್ಕೊಂದು ತಾಗಿಕೊಂಡಿವೆ. ಅಲ್ಲಿ ವಾಹನ ನಿಲ್ಲಿಸಲು ಜಾಗ ಸಿಗುವುದು ಕಷ್ಟ. ಮಾತನಾಡಲು ಜನ ಸಿಗುವುದು ಸುಲಭ. ಹಾಸನದ ಹಾಗೂ ಮೈಸೂರಿನ ರಸ್ತೆಗಳ ಕಡೆಯ ಹೊಸ ಮನೆಗಳಲ್ಲಿ ಗಾಳಿ ಬೆಳಕು ಹೆಚ್ಚು, ಪರಿಚಯ ನಿಧಾನ.

ಈ ಊರಿಗೆ ಹೊರಗಿನವರು ಬಂದು ನೆಲೆಸುವುದು ಹೊಸತೇನಲ್ಲ. ಶ್ರೀ ಸಚ್ಚಿದಾನಂದೇಂದ್ರ ಸರಸ್ವತಿಯವರ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವು ಬೆಂಗಳೂರಿನಲ್ಲಿ ಆರಂಭವಾಗಿ 1937ರಲ್ಲಿ ಇಲ್ಲಿಗೆ ಬಂದಿತು. ಅಂದಿನಿಂದ ವೇದಾಂತದ ಓದಿಗಾಗಿ ಬರುವವರಿಗೆ ಈ ಊರು ಪರಿಚಿತವಾಗಿದೆ.

ಅರಕಲಗೂಡು: ಹಂಗಾಮಿನ ಊರು

ಅರಕಲಗೂಡಿಗೆ ರೈಲಿಲ್ಲ. ಹಾಸನದಿಂದ ಸುಮಾರು 30 ಕಿ.ಮೀ. ದೂರದ ಈ ಊರಿನ ಬದುಕು ಬಸ್ಸಿನ ವೇಳಾಪಟ್ಟಿಗೂ ಬೆಳೆಯ ಹಂಗಾಮಿಗೂ ಹೊಂದಿಕೊಂಡಿದೆ. ಹೊಗೆಸೊಪ್ಪು, ಆಲೂಗಡ್ಡೆ, ಶುಂಠಿ, ಮೆಕ್ಕೆಜೋಳ ಈ ತಾಲೂಕಿನ ವ್ಯಾಪಾರದ ಆಧಾರ. ರಾಮನಾಥಪುರದಲ್ಲಿರುವ ತಂಬಾಕು ಮಂಡಳಿಯ ಹರಾಜು ಕಟ್ಟೆಯಲ್ಲಿ ಸಾಮಾನ್ಯವಾಗಿ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಆರಂಭವಾಗುವ ವಹಿವಾಟು ಹಲವು ತಿಂಗಳು ನಡೆಯುತ್ತದೆ. ಆ ಅವಧಿಯಲ್ಲಿ ಹಣ ಓಡಾಡುತ್ತದೆ, ಅಂಗಡಿಗಳು ತಡರಾತ್ರಿಯವರೆಗೆ ತೆರೆದಿರುತ್ತವೆ, ಗುಮಾಸ್ತರೂ ಲೆಕ್ಕಿಗರೂ ಮನೆಗೆ ಬರುವುದು ತಡವಾಗುತ್ತದೆ.

ಜೂನ್‌ನಲ್ಲಿ ಮದುವೆಯಾಗಿ ಜುಲೈಯಲ್ಲಿ ಊರಿಗೆ ಬಂದ ಜೋಡಿಗೆ ಮೊದಲ ಎರಡು ತಿಂಗಳು ಎಲ್ಲವೂ ಸುಗಮವಾಗಿ ತೋರುತ್ತದೆ. ಹಂಗಾಮು ಬಂದೊಡನೆ ಪತ್ನಿ ಒಂಟಿಯಾಗುತ್ತಾಳೆ. ಇದನ್ನು ಮೊದಲೇ ತಿಳಿಸಿ ಹೇಳುವುದು ಮಾಲೀಕರ ಕರ್ತವ್ಯ. ಅರಕಲಗೂಡಿನಲ್ಲಿ ಮನೆ ಹಿಡಿಯುವವರು ಹಂಗಾಮಿನ ತಿಂಗಳುಗಳನ್ನು ಗಮನದಲ್ಲಿಟ್ಟುಕೊಂಡು, ಬಸ್ ನಿಲ್ದಾಣಕ್ಕೆ ಸಮೀಪದ, ಕೆಳಗೆ ಅಥವಾ ಪಕ್ಕದಲ್ಲಿ ಮಾಲೀಕರ ಸಂಸಾರವಿರುವ ಮನೆಯನ್ನು ಆರಿಸುವುದು ಕ್ಷೇಮ.

ಬಂದವರು ನೆಲೆನಿಂತ ಬಗೆಗೆ ಈ ತಾಲೂಕಿನಲ್ಲಿಯೇ ಒಳ್ಳೆಯ ನಿದರ್ಶನವಿದೆ. ತಮಿಳುನಾಡು–ಕೇರಳದ ಗಡಿಯ ಸೆಂಗೋಟ್ಟೈ ಕಡೆಯಿಂದ ಶತಮಾನಗಳ ಹಿಂದೆ ಬಂದ ಸಂಕೇತಿಗಳು ಹಾಸನ ಮತ್ತು ಮೈಸೂರು ಸೀಮೆಗಳಲ್ಲಿ ನೆಲೆಸಿದರು. ಮನೆಯೊಳಗೆ ತಮ್ಮ ಮಾತನ್ನು ಉಳಿಸಿಕೊಂಡು, ಹೊರಗೆ ಕನ್ನಡದವರಾಗಿಯೇ ಬಾಳಿದರು. ಕಾವೇರಿ ದಂಡೆಯ ರುದ್ರಪಟ್ಟಣವು ಕರ್ನಾಟಕ ಸಂಗೀತಕ್ಕೆ ಅನೇಕ ವಿದ್ವಾಂಸರನ್ನು ಕೊಟ್ಟ ಗ್ರಾಮವೆಂದು ಇಂದು ಹೆಸರಾಗಿದೆ. ತನ್ನತನವನ್ನು ಬಿಡದೆಯೂ ಊರಿನವರಾಗಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಚನ್ನರಾಯಪಟ್ಟಣ: ಬೆಂಗಳೂರಿನ ಸೆಳೆತ

ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿಯಲ್ಲಿರುವ ಚನ್ನರಾಯಪಟ್ಟಣವು ತೆಂಗಿನ ಸೀಮೆಯ ವ್ಯಾಪಾರ ಕೇಂದ್ರ. ಶ್ರವಣಬೆಳಗೊಳವು ಕೂಗಳತೆಯ ದೂರವೆನ್ನುವಷ್ಟು ಸಮೀಪ. ಕುಣಿಗಲ್ ಮಾರ್ಗವಾಗಿ ಬೆಂಗಳೂರು–ಹಾಸನ ರೈಲು ಮಾರ್ಗವು 2017ರ ಮಾರ್ಚ್‌ನಲ್ಲಿ ಪೂರ್ಣವಾಗಿ ಸಂಚಾರಕ್ಕೆ ತೆರೆದ ಮೇಲೆ ರಾಜಧಾನಿ ಇನ್ನಷ್ಟು ಹತ್ತಿರವಾಯಿತು. ಸರಕಿಗೂ ಜನರಿಗೂ ಇದರಿಂದ ಅನುಕೂಲವಾಗಿದೆ.

ಆದರೆ ಇದೇ ಅನುಕೂಲದಲ್ಲಿ ಒಂದು ತೊಡಕೂ ಇದೆ. ಬೆಂಗಳೂರಿನಿಂದ ಬಂದ ದಂಪತಿಗಳು ಶನಿವಾರ ಸಂಜೆ ಹೊರಟು ಸೋಮವಾರ ಬೆಳಿಗ್ಗೆ ಮರಳುವ ಪರಿಪಾಠವನ್ನು ಇಟ್ಟುಕೊಂಡರೆ, ವರ್ಷ ಕಳೆದರೂ ಅವರಿಗೆ ಚನ್ನರಾಯಪಟ್ಟಣ ಒಂದು ವಸತಿಗೃಹವಾಗಿಯೇ ಉಳಿಯುತ್ತದೆ. ಮದುವೆಗೆ ಕರೆಯುವವರು, ಹಬ್ಬಕ್ಕೆ ಬನ್ನಿ ಎನ್ನುವವರು ಭಾನುವಾರವೇ ಮನೆಗೆ ಬರುವುದು. ಆ ದಿನ ಬೀಗ ಕಂಡವರು ಎರಡನೆಯ ಬಾರಿ ಬರಬಹುದು, ಮೂರನೆಯ ಬಾರಿ ಬರಲಾರರು. ಬಂದ ಮೊದಲ ಆರು ಭಾನುವಾರಗಳನ್ನು ಊರಿನಲ್ಲಿಯೇ ಕಳೆಯುವುದೆಂದು ದಂಪತಿಗಳು ನಿಶ್ಚಯಿಸಿಕೊಂಡರೆ ಅದರ ಫಲ ಬಹುಕಾಲ ಉಳಿಯುತ್ತದೆ. ಈ ಮಾತು ಹಾಸನಕ್ಕೂ ಅಷ್ಟೇ ಅನ್ವಯಿಸುತ್ತದೆ.

ಕಾಗದಪತ್ರಗಳು ಸರಿಯಾಗಿರಲಿ

ಹನ್ನೊಂದು ತಿಂಗಳ ಬಾಡಿಗೆ ಕರಾರು ರೂಢಿಗೆ ಬಂದದ್ದಕ್ಕೆ ಕಾರಣವಿದೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷಕ್ಕೆ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ. ಅವಧಿ ಕಡಿಮೆಯಿದ್ದರೂ ಕರಾರಿನಲ್ಲಿ ಮುಂಗಡದ ಮೊತ್ತ, ಮನೆ ಬಿಡುವಾಗ ಬಣ್ಣಕ್ಕೆಂದು ಹಿಡಿದುಕೊಳ್ಳುವ ಮೊತ್ತ, ನೀರಿನ ಖರ್ಚು ಯಾರದು, ಎಷ್ಟು ದಿನ ಮುಂಚಿತವಾಗಿ ತಿಳಿಸಬೇಕು ಎಂಬುದನ್ನು ಬರೆಸಿಕೊಳ್ಳಬೇಕು. ಮುಂಗಡವನ್ನು ಬ್ಯಾಂಕ್ ಮೂಲಕವೇ ಕೊಡುವುದು ಲೇಸು.

ಬಾಡಿಗೆಯ ಬದಲು ದೊಡ್ಡ ಮೊತ್ತವನ್ನು ಕೊಟ್ಟು ಭೋಗ್ಯಕ್ಕೆ ಮನೆ ಹಿಡಿಯುವವರು ಇನ್ನೂ ಎಚ್ಚರದಿಂದಿರಬೇಕು. ತಿಂಗಳ ಬಾಡಿಗೆ ಇಲ್ಲವೆಂಬ ಆಕರ್ಷಣೆಗೆ ಮದುವೆಯಲ್ಲಿ ಬಂದ ಹಣವನ್ನೆಲ್ಲ ಒಂದೇ ಕಡೆ ಇಡುವ ಯುವ ದಂಪತಿಗಳಿದ್ದಾರೆ. ಆ ಮನೆ ಈಗಾಗಲೇ ಬ್ಯಾಂಕಿಗೆ ಅಡಮಾನವಾಗಿದ್ದರೆ ಹಣ ಮರಳಿ ಪಡೆಯುವುದು ಕಷ್ಟವಾಗುತ್ತದೆ. ಉಪನೋಂದಣಾಧಿಕಾರಿಗಳ ಕಚೇರಿಯಿಂದ ಋಣಭಾರ ಪ್ರಮಾಣಪತ್ರವನ್ನು ಪಡೆದು ನೋಡಿ, ಭೋಗ್ಯದ ಪತ್ರವನ್ನು ನೋಂದಣಿ ಮಾಡಿಸಿಕೊಂಡ ನಂತರವೇ ಹಣ ಕೊಡಬೇಕು. ಮೊದಲ ವರ್ಷ ಬಾಡಿಗೆಯಲ್ಲಿದ್ದು ಊರನ್ನು ಅರಿತ ಮೇಲೆ ಭೋಗ್ಯದ ಅಥವಾ ನಿವೇಶನ ಕೊಳ್ಳುವ ಯೋಚನೆ ಮಾಡುವುದು ವಿವೇಕ.

ವಿಳಾಸ ಬದಲಾವಣೆಯನ್ನು ಮುಂದೂಡಬಾರದು. ಮತದಾರರ ಪಟ್ಟಿಯಲ್ಲಿ ವಾಸಸ್ಥಳ ಬದಲಿಸಲು ನಮೂನೆ 8ನ್ನು ಸಲ್ಲಿಸಬೇಕು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ರಾಜ್ಯದ ಸಾರಿಗೆ ಸಂಸ್ಥೆಗಳ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರ ಪ್ರಯಾಣ ಉಚಿತ. ಆದರೆ ಗುರುತಿನ ಚೀಟಿಯಲ್ಲಿ ಕರ್ನಾಟಕದ ವಿಳಾಸವಿರಬೇಕು. ಹೊರರಾಜ್ಯದಿಂದ ಬಂದ ಸೊಸೆಗೆ ಇದು ಗಮನಾರ್ಹ ವಿಷಯ. ಹೊಳೆನರಸೀಪುರದಲ್ಲಿ ವಾಸವಿದ್ದು ಹಾಸನದಲ್ಲಿ ಕೆಲಸ ಮಾಡುವ ಹೆಣ್ಣುಮಗಳ ದೈನಂದಿನ ಪ್ರಯಾಣದ ಲೆಕ್ಕವನ್ನೇ ಈ ಯೋಜನೆ ಬದಲಿಸಿದೆ. ತಾಲೂಕು ಕೇಂದ್ರದಲ್ಲಿ ಮನೆ ಮಾಡುವುದಕ್ಕೆ ಇದ್ದ ಒಂದು ಮುಖ್ಯ ಅಡ್ಡಿ ಇದರಿಂದ ದೂರವಾಗಿದೆ.

ಕೇಳಬಾರದ ಪ್ರಶ್ನೆ, ಕೇಳುವ ಪ್ರಶ್ನೆ

ಮನೆ ಹುಡುಕುವ ದಂಪತಿಗಳಿಗೆ ಎದುರಾಗುವ ಇನ್ನೊಂದು ಅಡಚಣೆಯ ಬಗೆಗೆ ಬಹಿರಂಗವಾಗಿ ಮಾತನಾಡುವವರು ಕಡಿಮೆ. 'ಯಾವ ಕಡೆಯವರು?' ಎಂದು ಆರಂಭವಾಗುವ ವಿಚಾರಣೆ 'ಯಾವ ಜನ?' ಎಂಬಲ್ಲಿಗೆ ಮುಟ್ಟುತ್ತದೆ. ಮಾಂಸಾಹಾರದ ಪ್ರಶ್ನೆ ಅದರ ಹಿಂದೆಯೇ ಬರುತ್ತದೆ. ಬೇರೆ ಬೇರೆ ಜಾತಿಯ ಅಥವಾ ಧರ್ಮದ ಇಬ್ಬರು ಮದುವೆಯಾಗಿ ಬಂದಿದ್ದರೆ ನಾಲ್ಕು ಮನೆಗಳ ಬಾಗಿಲು ಮುಚ್ಚಿದ ನಂತರ ಐದನೆಯದು ತೆರೆಯಬಹುದು. ಉತ್ತಮ ಕೆಲಸಗಾರರನ್ನು ಊರು ಕಳೆದುಕೊಳ್ಳುವುದು ಅನೇಕ ವೇಳೆ ಇಂತಹ ಹೊಸ್ತಿಲುಗಳ ಮೇಲೆಯೇ.

ಇಲ್ಲಿ ಉದ್ಯಮಿಯ ಮಾತಿಗೆ ತೂಕವಿದೆ. ಇಪ್ಪತ್ತು ವರ್ಷಗಳಿಂದ ಪೇಟೆಯಲ್ಲಿ ವ್ಯಾಪಾರ ಮಾಡುತ್ತಿರುವ ವರ್ತಕರೊಬ್ಬರು 'ಇವರು ನಮ್ಮ ಕಡೆಯವರು, ಬಾಡಿಗೆಗೆ ನಾನು ಹೊಣೆ' ಎಂದರೆ ಮನೆಯ ಮಾಲೀಕರ ಪ್ರಶ್ನೆಗಳು ಅಲ್ಲಿಗೆ ನಿಲ್ಲುತ್ತವೆ. ಆ ಒಂದು ಮಾತಿಗೆ ಖರ್ಚಿಲ್ಲ. ಅದನ್ನು ಆಡುವ ಮನಸ್ಸು ಮಾತ್ರ ಬೇಕು.

ಸ್ನೇಹ ಬೆಳೆಯುವ ಬಗೆ

ಮನೆ ಸಿಕ್ಕಿದ ಮೇಲೆ ಜನ ಸಿಗಬೇಕು. ಹೊಸಬರು ಅರಿಯಬೇಕಾದುದೇನೆಂದರೆ, ಈ ಸೀಮೆಯಲ್ಲಿ ಪರಿಚಯಕ್ಕೆ ಈಗಾಗಲೇ ಸಿದ್ಧವಾದ ಬಾಗಿಲುಗಳಿವೆ. ಸಂಕ್ರಾಂತಿಯಂದು ಎಳ್ಳು ಬೀರುವ ಸಂಪ್ರದಾಯವು ಅವುಗಳಲ್ಲಿ ಮುಖ್ಯವಾದುದು. ತಟ್ಟೆಯಲ್ಲಿ ಎಳ್ಳು ಬೆಲ್ಲ, ಕಬ್ಬು, ಸಕ್ಕರೆ ಅಚ್ಚು ಹಿಡಿದು ಹೋದ ಹೆಣ್ಣುಮಗಳಿಗೆ ಯಾವ ಮನೆಯೊಳಗೂ ಕಾರಣ ಕೇಳದೆ ಪ್ರವೇಶವುಂಟು. ವರಮಹಾಲಕ್ಷ್ಮಿ, ಗೌರಿ ಹಬ್ಬಗಳ ಅರಿಶಿನ ಕುಂಕುಮ, ನವರಾತ್ರಿಯ ಬೊಂಬೆ ಆರತಿ, ಬೀದಿಯ ಗಣಪತಿ ಇವೆಲ್ಲ ಅಂತಹವೇ. ರಂಜಾನ್, ಕ್ರಿಸ್‌ಮಸ್‌ಗಳಂದು ನೆರೆಮನೆಗೆ ಕಳುಹಿಸುವ ತಟ್ಟೆಯೂ ಇದೇ ಕೆಲಸವನ್ನು ಮಾಡುತ್ತದೆ. ಕರೆದಾಗ ಹೋಗುವುದು ಮೊದಲ ಹೆಜ್ಜೆ. ಮರಳಿ ಕರೆಯುವುದು ಎರಡನೆಯದು. ಎರಡನೆಯ ಹೆಜ್ಜೆಯನ್ನು ಇಡದವರ ಪರಿಚಯ ಅಲ್ಲಿಗೇ ನಿಲ್ಲುತ್ತದೆ.

ಹಾಸನದವರಿಗಂತೂ ಆಶ್ವಯುಜದಲ್ಲಿ ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳಿವೆ. ವರ್ಷಕ್ಕೊಮ್ಮೆ ಮಾತ್ರ ದೊರೆಯುವ ಆ ದರ್ಶನಕ್ಕಾಗಿ ಹೊಸ ದಂಪತಿಗಳ ಮನೆಗೂ ಊರಿನಿಂದ ನೆಂಟರು ಬಂದಿಳಿಯುತ್ತಾರೆ. ಹಾಸಿಗೆ, ಪಾತ್ರೆ, ನೀರು ಸಾಲದೆ ಪಕ್ಕದ ಮನೆಯ ಅಕ್ಕನನ್ನು ಕೇಳಬೇಕಾಗುತ್ತದೆ. ಹೀಗೆ ಕೇಳುವುದರಲ್ಲಿ ಸಂಕೋಚ ಬೇಡ. ಒಂದು ಚಾಪೆಯನ್ನು ಕೊಟ್ಟವರು, ಪಡೆದವರು ಆಮೇಲೆ ಅಪರಿಚಿತರಾಗಿ ಉಳಿಯುವುದಿಲ್ಲ.

ಹಬ್ಬಗಳು ವರ್ಷಕ್ಕೊಮ್ಮೆ ಬರುತ್ತವೆ. ಸ್ನೇಹಕ್ಕೆ ವಾರಕ್ಕೊಮ್ಮೆಯಾದರೂ ಭೇಟಿ ಬೇಕು. ಒಂದೇ ಕಿರಾಣಿ ಅಂಗಡಿಯಲ್ಲಿ ಸಾಮಾನು ಕೊಳ್ಳುವುದು, ಬೆಳಿಗ್ಗೆ ಒಂದೇ ವೇಳೆಗೆ ಮಹಾರಾಜ ಪಾರ್ಕಿನಲ್ಲಿ ನಡೆಯುವುದು, ಗ್ರಂಥಾಲಯಕ್ಕೆ ಹೋಗುವುದು, ಹಾಸನಾಂಬ ಕಲಾಕ್ಷೇತ್ರದ ನಾಟಕಗಳನ್ನು ನೋಡುವುದು, ಸ್ತ್ರೀಶಕ್ತಿ ಅಥವಾ ಸ್ವಸಹಾಯ ಗುಂಪಿನ ವಾರದ ಸಭೆ, ಲಯನ್ಸ್, ರೋಟರಿ, ಜೇಸೀಸ್‌ಗಳ ಸೇವಾ ಕಾರ್ಯಗಳು, ಸಂಗೀತ ಅಥವಾ ಹೊಲಿಗೆ ತರಗತಿ: ಇವುಗಳಲ್ಲಿ ಯಾವುದಾದರೊಂದನ್ನು ಹಿಡಿದು ಮೂರು ತಿಂಗಳು ಬಿಡದೆ ಹೋದರೆ ಸಾಕು. ಹತ್ತು ಕಡೆ ಒಂದೊಂದು ಬಾರಿ ಹೋಗುವುದಕ್ಕಿಂತ ಒಂದು ಕಡೆ ಹತ್ತು ಬಾರಿ ಹೋಗುವುದರಿಂದ ಸ್ನೇಹ ಬೆಳೆಯುತ್ತದೆ.

ಪತಿ ಮತ್ತು ಪತ್ನಿ ತಮ್ಮದೇ ಆದ ಪರಿಚಯಗಳನ್ನು ಬೇರೆಬೇರೆಯಾಗಿ ಬೆಳೆಸಿಕೊಳ್ಳುವುದೂ ಅಗತ್ಯ. ಪತಿಯ ಸಹೋದ್ಯೋಗಿಗಳ ಮನೆಯವರೇ ಪತ್ನಿಗೆ ಸ್ನೇಹಿತರಾಗಬೇಕೆಂದರೆ, ಕೆಲಸದ ಜಾಗದಲ್ಲಿ ಬಂದ ಮನಸ್ತಾಪ ಮನೆಯ ಸ್ನೇಹವನ್ನೂ ಕೆಡಿಸುತ್ತದೆ. ಬೇರೆ ಭಾಷೆಯವರು ಮೊದಲ ತಿಂಗಳಿನಿಂದಲೇ ಕನ್ನಡ ಕಲಿಯತೊಡಗಬೇಕು. ತಪ್ಪು ಕನ್ನಡಕ್ಕೆ ಇಲ್ಲಿ ಯಾರೂ ನಗುವುದಿಲ್ಲವೆನ್ನಲಾಗದು. ಆದರೆ ನಕ್ಕವರೇ ತಿದ್ದಿ ಕಲಿಸುತ್ತಾರೆ.

ಎಚ್ಚರಿಕೆಯ ಮಾತೊಂದಿದೆ. ಹೊಸಬರ ಸಂಬಳದ ಮೇಲೆ ಕಣ್ಣಿಟ್ಟ ಗೆಳೆತನಗಳೂ ಇರುತ್ತವೆ. ಪರಿಚಯವಾದ ತಿಂಗಳಲ್ಲಿಯೇ ಚೀಟಿಗೆ ಸೇರಿ ಎನ್ನುವವರು, ಸಾಲಕ್ಕೆ ಜಾಮೀನು ಹಾಕಿ ಎನ್ನುವವರು ಎದುರಾಗಬಹುದು. 1982ರ ಚೀಟಿನಿಧಿ ಕಾಯ್ದೆಯಡಿ ನೋಂದಣಿಯಾಗದ ಚೀಟಿಗೆ ಹಣ ಕಟ್ಟಬಾರದು. ಮೊದಲ ವರ್ಷ ಯಾರಿಗೂ ಜಾಮೀನು ಹಾಕುವುದಿಲ್ಲವೆಂಬ ನಿಯಮವನ್ನು ಇಬ್ಬರೂ ಸೇರಿ ಮಾಡಿಕೊಂಡರೆ, ಇಲ್ಲವೆನ್ನಲು ಅದೇ ಕಾರಣವಾಗುತ್ತದೆ.

ಮಾಲೀಕರು ಮಾಡಬಹುದಾದುದು

ಸಣ್ಣ ಉದ್ದಿಮೆಗೆ ಎಟುಕುವ ಕೆಲಸಗಳು ಹಲವಿವೆ. ಕೆಲಸಕ್ಕೆ ಸೇರಿಸಿಕೊಳ್ಳುವಾಗ ದಂಪತಿಗಳಿಬ್ಬರನ್ನೂ ಒಮ್ಮೆ ಊರಿಗೆ ಕರೆಸಿ ತೋರಿಸಬೇಕು. ಪತ್ನಿಯೂ ಉದ್ಯೋಗಸ್ಥೆಯಾದರೆ ಇತರ ಸದಸ್ಯರ ಸಂಸ್ಥೆಗಳಲ್ಲಿ ಅವಕಾಶವಿದೆಯೇ ಎಂದು ವಿಚಾರಿಸಬೇಕು. ಇಬ್ಬರಿಗೂ ಕೆಲಸ ದೊರೆತ ಸಂಸಾರ ಸುಲಭವಾಗಿ ಊರು ಬಿಡುವುದಿಲ್ಲ. ಮನೆಯ ಮುಂಗಡಕ್ಕೆ ಸಾಲ ಕೊಟ್ಟು ಸಂಬಳದಲ್ಲಿ ಕಂತುಗಳಾಗಿ ಹಿಡಿದುಕೊಳ್ಳಬಹುದು. ಮೊದಲ ಹಬ್ಬಕ್ಕೆ ಮನೆಗೆ ಊಟಕ್ಕೆ ಕರೆಯಬಹುದು.

ವಾರದ ರಜೆಯ ವಿಷಯವನ್ನು ವಿಶೇಷವಾಗಿ ಗಮನಿಸಬೇಕು. 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯು ನೌಕರರಿಗೆ ವಾರದಲ್ಲಿ ಒಂದು ಪೂರ್ಣ ದಿನದ ರಜೆಯನ್ನು ವಿಧಿಸಿದೆ. ಅಂಗಡಿಯ ಅನುಕೂಲಕ್ಕಾಗಿ ಆ ದಿನವನ್ನು ಪ್ರತಿ ವಾರ ಬದಲಿಸುತ್ತಾ ಹೋದರೆ ಸಂಸಾರಕ್ಕೆ ರಜೆಯಾಗುವುದಿಲ್ಲ. ಪತಿಗೆ ಮಂಗಳವಾರ, ಪತ್ನಿಗೆ ಭಾನುವಾರ ಬಿಡುವಾದರೆ ಅವರು ಜೊತೆಯಾಗಿ ಒಬ್ಬರ ಮನೆಗೆ ಹೋಗುವುದು ಯಾವಾಗ? ತಿಂಗಳಲ್ಲಿ ಎರಡಾದರೂ ಭಾನುವಾರಗಳನ್ನು ಮೊದಲೇ ಗೊತ್ತುಪಡಿಸಿ ಕೊಡುವುದು ಕಷ್ಟವಾಗಲಾರದು.

ಮೇಲೆ ಹೇಳಿದ ಗದಗಿನ ಜೋಡಿಯ ವಿಷಯಕ್ಕೆ ಮರಳುವುದಾದರೆ, ಅವರ ಮುಂದೆ ಎರಡು ದಾರಿಗಳಿವೆ. ಹೊರವಲಯದ ಮನೆಯಲ್ಲಿ ಆಟೋದ ಲೆಕ್ಕ ಹಾಕುತ್ತಾ ಯುಗಾದಿಯ ಹೊತ್ತಿಗೆ ಗಂಟುಮೂಟೆ ಕಟ್ಟುವುದು ಒಂದು. ಆಸ್ಪತ್ರೆಯಿಂದ ನಡೆದು ಬರುವಷ್ಟು ದೂರದಲ್ಲಿ ಎರಡು ಕೋಣೆಗಳ ಮನೆಯನ್ನು ಹಿಡಿದು, ಪಾಳಿ ಮುಗಿಸಿ ಬರುವ ಆಕೆಗಾಗಿ ಕೆಳಮನೆಯ ಅಜ್ಜಿ ಗೇಟಿನ ದೀಪವನ್ನು ಆರಿಸದೆ ಕಾಯುವಂತಾಗುವುದು ಇನ್ನೊಂದು. ಎರಡಕ್ಕೂ ಇರುವ ವ್ಯತ್ಯಾಸ ಬಾಡಿಗೆಯಲ್ಲಿ 2,500 ರೂ., ಮಾಲೀಕರ ಕಡೆಯಿಂದ ಎರಡು ದಿನಗಳ ಬಿಡುವು ಮತ್ತು ಒಂದು ಒಳ್ಳೆಯ ಮಾತು. ಹೊಸಬರು ನಿಲ್ಲುವ ಊರಿನಲ್ಲಿ ಅಂಗಡಿಗೆ ಗಿರಾಕಿಯೂ ಕಾರ್ಖಾನೆಗೆ ಕೈಗಳೂ ಉಳಿಯುತ್ತವೆ ಎಂಬುದನ್ನು ವ್ಯಾಪಾರಿಗಳಿಗೆ ಬೇರೆ ಹೇಳಬೇಕಾಗಿಲ್ಲ.